ಓದುಗರ ಪ್ರಶ್ನೆ: ಎಂ.ಎಸ್. ಎಂದರೆ ಯಾವ ಎಂ.ಎಸ್.?

ಪ್ರಶ್ನೆ: ಒಂದೇ ಸಂಕ್ಷೇಪಾಕ್ಷರಕ್ಕೆ ಹತ್ತಾರು ವಿಸ್ತೃತ ರೂಪಗಳಿರುವುದೇಕೆ? ಓದುವಾಗ ಸರಿಯಾದ ಅರ್ಥವನ್ನು ಹಿಡಿಯುವುದು ಹೇಗೆ?

ಉತ್ತರ: ಮೊದಲ ಕಾರಣ ಬರಿಯ ಲೆಕ್ಕಾಚಾರದ್ದು. ಇಂಗ್ಲಿಷಿನ 26 ಅಕ್ಷರಗಳಿಂದ ಎರಡಕ್ಷರದ 676 ಜೋಡಣೆಗಳೂ ಮೂರಕ್ಷರದ 17,576 ಜೋಡಣೆಗಳೂ ಮಾತ್ರ ಸಾಧ್ಯ. ಜಗತ್ತಿನ ಸಂಸ್ಥೆಗಳು, ಕಾಯಿಲೆಗಳು, ಪದವಿಗಳು, ಯಂತ್ರಗಳು ಎಲ್ಲವೂ ಇಷ್ಟರಲ್ಲೇ ಹೆಸರು ಹಂಚಿಕೊಳ್ಳಬೇಕು. ಅದರಲ್ಲೂ ಎಸ್, ಸಿ, ಪಿ ಅಕ್ಷರಗಳಿಂದ ಶುರುವಾಗುವ ಪದಗಳು ಬಹಳವಾಗಿರುವುದರಿಂದ ಕೆಲವು ಜೋಡಣೆಗಳ ಮೇಲೆ ಹೊರೆ ಇನ್ನೂ ಹೆಚ್ಚು.

ಆದರೂ ನಾವು ದಿನವೂ ತಬ್ಬಿಬ್ಬಾಗುವುದಿಲ್ಲ. ಏಕೆಂದರೆ ಸಂಕ್ಷೇಪಾಕ್ಷರಕ್ಕೆ ಅರ್ಥ ಬರುವುದು ಅದನ್ನು ಬಳಸುವ ವಲಯದಿಂದ. ಎಸಿ ಎಂದಾಗ ವಿದ್ಯುತ್ ಪಾಠದಲ್ಲಿ ಪರ್ಯಾಯ ಪ್ರವಾಹವೂ ಕೋಣೆಯ ಸೆಕೆಯ ಮಾತಿನಲ್ಲಿ ತಂಪುಗೊಳಿಸುವ ಯಂತ್ರವೂ ತಾನಾಗಿಯೇ ಹೊಳೆಯುತ್ತವೆ. ಐಪಿ ಎಂಬುದು ಜಾಲತಂತ್ರಜ್ಞರಿಗೆ ಇಂಟರ್‌ನೆಟ್ ಪ್ರೋಟೊಕಾಲ್, ವಕೀಲರಿಗೆ ಬೌದ್ಧಿಕ ಆಸ್ತಿ. ಆದ್ದರಿಂದ ಬರಹ ಯಾವ ಕ್ಷೇತ್ರದ್ದು, ಯಾರಿಗಾಗಿ ಬರೆದದ್ದು ಎಂಬುದನ್ನು ಮೊದಲು ಗಮನಿಸಿ, ಆಮೇಲೆ ಅಕ್ಷರಗಳತ್ತ ಬನ್ನಿ. ನಿಘಂಟಿನ ಪಟ್ಟಿಯಲ್ಲಿ ಮೊದಲು ಕಂಡದ್ದನ್ನೇ ಆರಿಸಿಕೊಳ್ಳುವುದು ತಪ್ಪು ದಾರಿ.

ನಿಜವಾದ ಅಪಾಯವಿರುವುದು ಒಂದೇ ವಲಯದೊಳಗೆ ಎರಡು ಅರ್ಥಗಳು ಸೇರಿಕೊಂಡಾಗ. ವೈದ್ಯಕೀಯದಲ್ಲಿ ಎಂ.ಎಸ್. ಎಂದರೆ ನರವ್ಯೂಹದ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಆಗಬಹುದು, ಹೃದಯದ ಕವಾಟ ಕಿರಿದಾಗುವ ಮೈಟ್ರಲ್ ಸ್ಟೆನೋಸಿಸ್ ಆಗಬಹುದು. ಔಷಧದ ಚೀಟಿಯಲ್ಲಂತೂ ಅದು ತೀವ್ರ ನೋವಿಗೆ ಕೊಡುವ ಮಾರ್ಫಿನ್ ಸಲ್ಫೇಟ್ ಇರಬಹುದು, ಇಲ್ಲವೇ ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಬರುವ ಸೆಳವನ್ನು ತಡೆಯಲು ಕೊಡುವ ಮೆಗ್ನೀಸಿಯಮ್ ಸಲ್ಫೇಟ್ ಇರಬಹುದು. ಒಂದರ ಬದಲು ಇನ್ನೊಂದನ್ನು ಕೊಟ್ಟರೆ ಪ್ರಾಣಕ್ಕೇ ಕುತ್ತು. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2004ರಲ್ಲಿ ಹೊರಡಿಸಿದ, ಬಳಸಲೇಬಾರದ ಸಂಕ್ಷೇಪಗಳ ಪಟ್ಟಿಯಲ್ಲಿ ಎಂ.ಎಸ್. ಸೇರಿರುವುದು ಇದೇ ಕಾರಣಕ್ಕೆ. ಅದೇ ಪಟ್ಟಿಯಲ್ಲಿ ಯೂನಿಟ್ ಎಂಬುದಕ್ಕೆ ಬರೆಯುವ ಯು ಅಕ್ಷರವೂ ಇದೆ. ಕೈಬರಹದಲ್ಲಿ ಅದು ಸೊನ್ನೆಯಂತೆ ಕಂಡು, 4 ಯೂನಿಟ್ ಇನ್ಸುಲಿನ್ 40 ಆಗಿಬಿಡಬಹುದು. ಔಷಧದ ಹೆಸರನ್ನು ಪೂರ್ತಿ ಬರೆಯಲು ಹಿಡಿಯುವ ಕೆಲವು ಕ್ಷಣಗಳನ್ನು ಉಳಿಸಹೊರಡುವುದಕ್ಕೆ ನನ್ನ ಮಟ್ಟಿಗೆ ಯಾವ ಸಮರ್ಥನೆಯೂ ಇಲ್ಲ.

ಪ್ರಶ್ನೆ: ಎರಡು ಸಂಸ್ಥೆಗಳು ಒಂದೇ ಸಂಕ್ಷೇಪವನ್ನು ಬಳಸಬಹುದೇ?

ಉತ್ತರ: ಸಾಮಾನ್ಯವಾಗಿ ಬಳಸುತ್ತವೆ, ತಕರಾರು ಹುಟ್ಟುವವರೆಗೆ. ಡಬ್ಲ್ಯುಡಬ್ಲ್ಯುಎಫ್ ಎಂಬುದು 1961ರಲ್ಲಿ ಸ್ಥಾಪನೆಯಾದ ವನ್ಯಜೀವಿ ಸಂರಕ್ಷಣಾ ಸಂಸ್ಥೆಯ ಹೆಸರೂ ಆಗಿತ್ತು, ಅಮೆರಿಕದ ವೃತ್ತಿಪರ ಕುಸ್ತಿ ಕಂಪನಿಯ ಹೆಸರೂ ಆಗಿತ್ತು. ವ್ಯಾಜ್ಯ ಇಂಗ್ಲೆಂಡಿನ ನ್ಯಾಯಾಲಯಕ್ಕೆ ಹೋಗಿ, ಸೋತ ಕುಸ್ತಿ ಕಂಪನಿ 2002ರಲ್ಲಿ ಡಬ್ಲ್ಯುಡಬ್ಲ್ಯುಇ ಆಯಿತು.

ಪ್ರಶ್ನೆ: ಹೊರದೇಶದವರು ಸಭೆಯ ವೇಳೆಯನ್ನು ಸಿಎಸ್‌ಟಿ ಎಂದು ತಿಳಿಸಿದರೆ ಯಾವ ಸಮಯವೆಂದು ತಿಳಿಯಬೇಕು?

ಉತ್ತರ: ಕೇಳದೆ ತೀರ್ಮಾನಿಸಬೇಡಿ. ಸಿಎಸ್‌ಟಿ ಎಂದರೆ ಉತ್ತರ ಅಮೆರಿಕದ ಕೇಂದ್ರ ವಲಯದ ಸಮಯ, ಅಂದರೆ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕಿಂತ 6 ಗಂಟೆ ಹಿಂದೆ. ಚೀನಾದ ಸಮಯವೂ ಹೌದು, ಅದು 8 ಗಂಟೆ ಮುಂದೆ. ಎರಡರ ನಡುವೆ 14 ಗಂಟೆಗಳ ಅಂತರ. ಕ್ಯೂಬಾದ ಸಮಯಕ್ಕೂ ಇದೇ ಸಂಕ್ಷೇಪವುಂಟು. ಐಎಸ್‌ಟಿಯೂ ಹೀಗೆಯೇ: ಭಾರತ, ಇಸ್ರೇಲ್, ಬೇಸಿಗೆಯ ಐರ್ಲೆಂಡ್ ಮೂರೂ ಅದನ್ನು ಬಳಸುತ್ತವೆ. ವೇಳೆಯನ್ನು ನೀವೇ ತಿಳಿಸುವಾಗ ಯುಟಿಸಿ+5:30 ಎಂಬಂತೆ ಅಂತರವನ್ನು ಬರೆಯಿರಿ, ಇಲ್ಲವೇ ಊರಿನ ಹೆಸರು ಹೇಳಿ. ಗಣಕಗಳು ಬಳಸುವ ಸಮಯವಲಯಗಳ ದತ್ತಸಂಚಯದಲ್ಲೂ ವಲಯಗಳನ್ನು ಏಷ್ಯಾ/ಶಾಂಘೈ, ಅಮೆರಿಕ/ಷಿಕಾಗೊ ಎಂದು ಊರಿನಿಂದಲೇ ಗುರುತಿಸುತ್ತಾರೆ.