ಮೆಣಸಿನಕಾಯಿ ಸಾರ: ತಂತ್ರಜ್ಞಾನ ಯಾರಿಗೆ ಸಿಗುತ್ತದೆ?

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದೊಂದು ಖಾರದ ಪುಡಿಯ ಸಣ್ಣ ಗಿರಣಿ ಇದೆ. ಮೆಣಸಿನಕಾಯಿಯಿಂದ ಓಲಿಯೋರೆಸಿನ್ (ಕಾಯಿಯ ಬಣ್ಣ, ಖಾರ ಸೇರಿದ ಗಟ್ಟಿ ಸಾರ) ತೆಗೆಯುವ ವಿಧಾನವನ್ನು ಮೈಸೂರಿನ ಸಿಎಫ್‌ಟಿಆರ್‌ಐನಂಥ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಸರಕಾರಿ ಸಂಸ್ಥೆಯಿಂದ ಪಡೆದರೆ, ಅದರ ಹಕ್ಕು ನಮಗೊಬ್ಬರಿಗೇ ಇರುತ್ತದೆಯೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಸಾಮಾನ್ಯವಾಗಿ ಇರುವುದಿಲ್ಲ. 1950ರಲ್ಲಿ ಆರಂಭವಾದ ಈ ಸಂಸ್ಥೆಯೂ ಸೇರಿದಂತೆ, ಸಾರ್ವಜನಿಕ ಹಣದಿಂದ ನಡೆಯುವ ಪ್ರಯೋಗಾಲಯಗಳು ತಮ್ಮ ಬಹುತೇಕ ವಿಧಾನಗಳನ್ನು ಶುಲ್ಕ ಕಟ್ಟಿ ಒಪ್ಪಂದ ಮಾಡಿಕೊಳ್ಳುವ ಹಲವರಿಗೆ ಕೊಡುತ್ತವೆ. ನಿಮ್ಮ ಪಕ್ಕದ ಗಿರಣಿಯವರೂ ನಾಳೆ ಅದನ್ನೇ ತರಬಹುದು.

ನನಗೆ ಹೆಚ್ಚು ಚಿಂತೆಯಾಗಿರುವುದು ಬೇರೆ ಸಂಗತಿ. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಸಿಕ್ಕ ಫಲಿತಾಂಶ, ಕ್ವಿಂಟಲ್‌ಗಟ್ಟಲೆ ಕಾಯಿ ಸುರಿದಾಗಲೂ ಹಾಗೆಯೇ ಸಿಗುತ್ತದೆಂದು ಹೇಳಲಾಗದು. ಸುಕ್ಕುಗಟ್ಟಿದ ಬ್ಯಾಡಗಿ ಕಾಯಿಯ ಬೆಲೆ ಇರುವುದು ಖಾರಕ್ಕಿಂತ ಬಣ್ಣದಲ್ಲಿ. ಬೆಳಕು, ತೇವ ತಾಗಿದಷ್ಟೂ ಆ ಬಣ್ಣ ಮಾಸುತ್ತದೆ. ಆದ್ದರಿಂದ ಹಣ ಕಟ್ಟುವ ಮೊದಲು ನಿಮ್ಮದೇ ಕಾಯಿಯ ಚೀಲವೊಂದನ್ನು ಒಯ್ದು, ಸಂಸ್ಥೆಯ ಪ್ರಾಯೋಗಿಕ ಘಟಕದಲ್ಲಿ ಸಾರ ತೆಗೆದು ತೋರಿಸಲು ಸಾಧ್ಯವೇ ಎಂದು ವಿಚಾರಿಸಿ. ಸಾರ ತೆಗೆಯಲು ಬಳಸುವ ಹೆಕ್ಸೇನ್‌ನಂಥ ದ್ರಾವಕ ಪೆಟ್ರೋಲಿನಂತೆ ಥಟ್ಟನೆ ಹೊತ್ತಿಕೊಳ್ಳುವುದರಿಂದ, ಅದನ್ನು ಇಡುವ, ಮರಳಿ ಪಡೆಯುವ ಯಂತ್ರಗಳಿಗೂ ಬೆಂಕಿಯಿಂದ ರಕ್ಷಣೆಗೂ ದೊಡ್ಡ ಮೊತ್ತವೇ ಬೇಕಾಗುತ್ತದೆ. ಸಣ್ಣ ಗಿರಣಿಗೆ ಇದು ಭಾರವೆಂದೇ ನನ್ನ ಅಭಿಪ್ರಾಯ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿಯನ್ನಂತೂ ನೀವೇ ಪ್ರತ್ಯೇಕವಾಗಿ ಪಡೆಯಬೇಕು.