ಮುದ್ರಣದೋಷವಲ್ಲ, ಪಂದ್ಯದ ಅಂಕ

ಓದುಗರ ಪತ್ರ: ಕಳೆದ ಸಂಚಿಕೆಯ ಚಿತ್ರವೊಂದರಲ್ಲಿ ಗೋಡೆಯ ಮೇಲೆ ‘ಸಿ6ಎಚ್0’ ಎಂದಿದೆ. ಬೆಂಜೀನ್ ಎಂದರೆ ಸಿ6ಎಚ್6 ಎಂಬುದು ಪಿಯುಸಿ ಮಕ್ಕಳಿಗೂ ಗೊತ್ತು. ಅದು ಫುಟ್‌ಬಾಲ್ ಫಲಿತಾಂಶ ಎನ್ನುತ್ತಾನೆ ನನ್ನ ಮೊಮ್ಮಗ. ಆರು ಗೋಲು ಹೊಡೆದವರು ಯಾರು? ಅದೃಷ್ಟದ ಒಂದು ಗೆಲುವಿಗೆ ಇಷ್ಟು ಸಡಗರವೇಕೆ?
– ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ

ಸಂಪಾದಕರ ಉತ್ತರ: ಮೊಮ್ಮಗನ ಮಾತೇ ಸರಿ. ಸಿ ಎಂದರೆ ಸೆಂಟರ್ ಕಾಲೇಜು, ಎಚ್ ಎಂದರೆ ಹಾರ್ವರ್ಡ್. ಅಮೆರಿಕದ ಕೆಂಟಕಿ ರಾಜ್ಯದ ಡ್ಯಾನ್‌ವಿಲ್ ಎಂಬ ಪುಟ್ಟ ಊರಿನ ಸೆಂಟರ್ ಕಾಲೇಜಿನಲ್ಲಿ ಆಗ ಇದ್ದ ವಿದ್ಯಾರ್ಥಿಗಳು 300ರ ಆಸುಪಾಸು. ಅಸಾಧ್ಯ ಸೂತ್ರವೆಂದೇ ಅದನ್ನು ಅವರು ಊರ ಗೋಡೆಗಳ ಮೇಲೆ ಬಳಿದದ್ದು. ರಸಾಯನಶಾಸ್ತ್ರದವರು ಸಿಡಿಮಿಡಿಗೊಳ್ಳಲಿ ಎಂಬುದೂ ಅದರ ಉದ್ದೇಶವಾಗಿದ್ದರೆ, ನೂರು ವರ್ಷ ಕಳೆದರೂ ಫಲಿಸಿದೆ!

ಆರು ಗೋಲಲ್ಲ. ಅಮೆರಿಕದ ಫುಟ್‌ಬಾಲ್ ಎಂದರೆ ಚೆಂಡನ್ನು ತೋಳಲ್ಲಿ ಅವುಚಿಕೊಂಡು ಓಡುವ ಆಟ. ಎದುರಾಳಿಯ ಗೆರೆ ದಾಟಿದರೆ 6 ಅಂಕ, ಬಳಿಕ ಕಂಬಗಳ ನಡುವೆ ಒದ್ದರೆ ಇನ್ನೊಂದು. 1921ರ ಅಕ್ಟೋಬರ್ 29ರಂದು, ಹಾರ್ವರ್ಡ್‌ನ ಸ್ವಂತ ಕ್ರೀಡಾಂಗಣದಲ್ಲಿ, 40 ಸಾವಿರಕ್ಕೂ ಹೆಚ್ಚು ಜನರ ಮುಂದೆ, ಸೆಂಟರ್‌ನ ಆಟಗಾರ ಬೋ ಮ್ಯಾಕ್‌ಮಿಲಿನ್ ಬಲಕ್ಕೆ ಓಡುವವನಂತೆ ನಟಿಸಿ, ಥಟ್ಟನೆ ಎಡಕ್ಕೆ ಹೊರಳಿ, 32 ಗಜ ಓಡಿ ಗೆರೆ ದಾಟಿದ. ನಂತರದ ಒದೆತ ಗುರಿ ತಪ್ಪಿತು. ಆ ದಿನದ ಅಂಕವೆಲ್ಲ ಅಷ್ಟೇ. ಹಾರ್ವರ್ಡ್‌ನ ನೆರೆಯ ಎಂಐಟಿ ಎಂಬ ತಂತ್ರಜ್ಞಾನ ವಿದ್ಯಾಸಂಸ್ಥೆಯ ಹುಡುಗರು ಮೊದಲಿಂದ ಸೆಂಟರ್ ಪರ ಕೂಗಿ, ಕೊನೆಗೆ ಕಂಬಗಳನ್ನೇ ಕಿತ್ತರು. ಪಕ್ಕದವರ ಸೋಲು ತರುವ ಸಂತೋಷ ಯಾವ ದೇಶದಲ್ಲೂ ಕಡಿಮೆಯದಲ್ಲ.

ಅದೃಷ್ಟವೆಂಬ ತಮ್ಮ ಮಾತನ್ನು ಮಾತ್ರ ಒಪ್ಪಲಾರೆ. ಹಿಂದಿನ ವರ್ಷ ಇದೇ ಹಾರ್ವರ್ಡ್ ಎದುರು ಅರ್ಧ ಪಂದ್ಯದವರೆಗೆ 14–14 ಸಮಬಲ ಸಾಧಿಸಿ, ಆಮೇಲೆ 31–14ರಿಂದ ಸೋತವರು ಇವರು. 1921ರಲ್ಲಿ ನಿಯಮಿತ ಋತುವಿನ ಒಂಬತ್ತು ಪಂದ್ಯಗಳನ್ನೂ ಗೆದ್ದರು. ಗಳಿಸಿದ್ದು 282 ಅಂಕ, ಬಿಟ್ಟುಕೊಟ್ಟದ್ದು ಬರೀ 6. ಹಾರ್ವರ್ಡ್ ಪಂದ್ಯದ ಮುಂದಿನ ವಾರವೇ ಕೆಂಟಕಿ ವಿಶ್ವವಿದ್ಯಾಲಯದ ವಿರುದ್ಧ 55–0 ಗೆಲುವು. ಅದೃಷ್ಟ ಒಂದು ಮಧ್ಯಾಹ್ನ ಒಲಿಯಬಹುದು, ಇಡೀ ಋತುವಿಗೆ ಬಾಡಿಗೆಗೆ ಸಿಗುವುದಿಲ್ಲ.

ಹಾಗೆಂದು ಇದು ಹಳ್ಳಿ ಮುಗ್ಧರ ಕಥೆಯೂ ಅಲ್ಲ. ಆಟಕ್ಕೆ ಮುನ್ನ ಪ್ರಾರ್ಥಿಸುತ್ತಿದ್ದುದರಿಂದ ‘ಪ್ರಾರ್ಥಿಸುವ ಕರ್ನಲ್‌ಗಳು’ ಎಂಬ ಹೆಸರೇನೋ ಬಂದಿತ್ತು. ಆದರೆ ತರಬೇತುದಾರ ಚಾರ್ಲಿ ಮೊರಾನ್ ವೃತ್ತಿಪರ ಬೇಸ್‌ಬಾಲ್‌ನ ನ್ಯಾಷನಲ್ ಲೀಗ್‌ನಲ್ಲಿ ಅಂಪೈರ್ ಆಗಿದ್ದವರು. ತಂಡದ ಬೆನ್ನೆಲುಬಾಗಿದ್ದ ಮ್ಯಾಕ್‌ಮಿಲಿನ್ ಮತ್ತು ಕೆಲವರು ಟೆಕ್ಸಸ್‌ನ ಫೋರ್ಟ್‌ವರ್ತ್‌ನಲ್ಲಿ ಒಂದೇ ಶಾಲೆಯಲ್ಲಿ ಆಡಿ, ಅಲ್ಲಿಂದ ಒಟ್ಟಾಗಿ ಬಂದವರು. ಕಾಲೇಜು ಚಿಕ್ಕದಾದರೂ ಲೆಕ್ಕಾಚಾರ ದೊಡ್ಡದೇ ಇತ್ತು.

ಆದರೂ ನಿಯಮಿತ ಪಂದ್ಯಗಳ ಬಳಿಕ ಆಡಿದ ಹೆಚ್ಚುವರಿ ಪಂದ್ಯದಿಂದಾಗಿ ಋತು ಸೋಲಿನಲ್ಲಿ ಮುಗಿಯಿತು. 1922ರ ಜನವರಿ 2ರಂದು ಮ್ಯಾಕ್‌ಮಿಲಿನ್ ಮದುವೆಯಾದ. ಅದೇ ದಿನ ಡಲ್ಲಾಸ್‌ನಲ್ಲಿ ಟೆಕ್ಸಸ್ ಎ ಆಂಡ್ ಎಂ ತಂಡ ಸೆಂಟರ್ ಅನ್ನು 22–14ರಿಂದ ಮಣಿಸಿತು. ಒಂದು ಕಾಲಕ್ಕೆ ಮೊರಾನ್ ತರಬೇತಿ ಕೊಟ್ಟಿದ್ದ ಕಾಲೇಜೇ ಅದು! ತಮ್ಮ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡಾಗ ಎ ಆಂಡ್ ಎಂ ತರಬೇತುದಾರರು, ಪತ್ರಕರ್ತರ ಜೊತೆ ಕುಳಿತಿದ್ದ ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಕೆಳಗೆ ಕರೆಸಿಕೊಂಡರು. ಗಾಯಾಳುವೊಬ್ಬನ ಉಡುಪು ತೊಟ್ಟು ಅವನು ಅಂಚಿನಲ್ಲಿ ಕಾದು ನಿಂತ. ಆಡುವ ಸರದಿ ಬರಲಿಲ್ಲ. ಅವನ ಹೆಸರಿನಲ್ಲಿ ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಂದಿಗೂ ಕೂರದೆ, ನಿಂತೇ ಪಂದ್ಯ ನೋಡುತ್ತಾರೆ.