ಬೆಳಕಿನ ವೇಗದ ಅಂಕಿ: ಅಳೆಯುವುದು ಹೇಗೆ, ನಂಬುವುದು ಎಷ್ಟು?

ಪ್ರಶ್ನೆ: ಮೈಕ್ರೋವೇವ್ ಓವನ್‌ನ ತಿರುಗುವ ತಟ್ಟೆ ತೆಗೆದು, ಒದ್ದೆ ಟಿಶ್ಯೂ ಮೇಲೆ ಥರ್ಮಲ್ ಕಾಗದ ಹಾಸಿ ಬೆಳಕಿನ ವೇಗ ಅಳೆದೆ. ಕಪ್ಪು ಕಲೆಗಳ ನಡುವಿನ ಅಂತರ 6.6 ಸೆ.ಮೀ. ಬಂತು. ಲೆಕ್ಕ ಹಾಕಿದರೆ ಸೆಕೆಂಡಿಗೆ 3.23 ಲಕ್ಷ ಕಿ.ಮೀ.! ಎಲ್ಲಿ ತಪ್ಪಿದೆ?

ಉತ್ತರ: ಸ್ಕೇಲ್ ಹಿಡಿದ ಕೈಯದಲ್ಲ, ಸೂತ್ರದ ತಪ್ಪು. ಕಲೆಗಳ ಅಂತರವನ್ನು ಎರಡರಿಂದ ಗುಣಿಸಿ ಅದನ್ನೇ ತರಂಗಾಂತರ ಎಂದುಕೊಂಡು ಓವನ್‌ನ ಆವೃತ್ತಿಯಾದ 2.45 ಗಿಗಾಹರ್ಟ್ಸ್‌ನಿಂದ ಗುಣಿಸಿದ್ದೀರಿ. ಎಲ್ಲ ಕಡೆ ಹೇಳಿಕೊಡುವುದೂ ಇದನ್ನೇ. ಆ ಪ್ರಕಾರ 6.1 ಸೆ.ಮೀ. ಬರಬೇಕಿತ್ತು. ಕಲೆಯ ಅಂಚು ಮಸುಕಾಗಿರುವುದರಿಂದ 2 ಮಿ.ಮೀ. ಆಚೀಚೆ ಆಗುವುದು ಸಹಜ, ಅದು ಶೇ. 3. ಓವನ್ ಬೆನ್ನಿಗೆ 2450 ಮೆಗಾಹರ್ಟ್ಸ್ ಎಂದು ಬರೆದಿದ್ದರೂ ಅಲೆ ಹೊಮ್ಮಿಸುವ ಮ್ಯಾಗ್ನೆಟ್ರಾನ್ 2400ರಿಂದ 2500ರ ನಡುವೆ ಎಲ್ಲಾದರೂ ಇರಬಹುದು, ಅದು ಇನ್ನೊಂದು ಶೇ. 2. ಎರಡನ್ನೂ ಕೂಡಿಸಿದರೂ ನಿಮಗೆ ಬಂದಿರುವ ಶೇ. 8ರ ವ್ಯತ್ಯಾಸಕ್ಕೆ ಸಾಲದು.

ಓವನ್ ಎಂದರೆ ಆರೂ ಕಡೆ ಲೋಹದ ಗೋಡೆ ಇರುವ ಪೆಟ್ಟಿಗೆ. ಅದರೊಳಗಿನ ಸ್ಥಾಯಿ ತರಂಗ (ಗೋಡೆಗಳಿಗೆ ಬಡಿದು ಮರಳಿ ಒಂದೇ ಕಡೆ ನಿಂತಂತಿರುವ ಅಲೆ) ಉದ್ದ, ಅಗಲ, ಎತ್ತರ ಮೂರೂ ದಿಕ್ಕಿನಲ್ಲಿ ಹರಡಿಕೊಂಡಿರುತ್ತದೆ. ಹೀಗಾಗಿ ಯಾವುದೇ ಒಂದು ಗೋಡೆಯ ದಿಕ್ಕಿನಲ್ಲಿ ಅಳೆದ ಅಂತರ ಅರ್ಧ ತರಂಗಾಂತರಕ್ಕೆ ಸಮ ಇರಬಹುದು ಅಥವಾ ಹೆಚ್ಚಿರಬಹುದು, ಕಡಿಮೆಯಂತೂ ಆಗದು. ಮೂರು ದಿಕ್ಕಿನ ಅಂತರಗಳನ್ನೂ ಅಳೆದು, ಪ್ರತಿಯೊಂದರ ವರ್ಗದ ವಿಲೋಮ ತೆಗೆದು ಕೂಡಿಸಿದರೆ ಅರ್ಧ ತರಂಗಾಂತರದ ವರ್ಗದ ವಿಲೋಮ ಸಿಗುತ್ತದೆ. ನಿಮ್ಮ 6.6ರ ಜೊತೆ ಇನ್ನೊಂದು ದಿಕ್ಕಿನಲ್ಲಿ 16 ಸೆ.ಮೀ. ಅಂತರವಿದ್ದು ಮೂರನೆಯ ದಿಕ್ಕಿನಲ್ಲಿ ಏರಿಳಿತವೇ ಇಲ್ಲದಿದ್ದರೆ ಉತ್ತರ 6.1ಕ್ಕೆ ಇಳಿಯುತ್ತದೆ, ವೇಗ 2.99 ಲಕ್ಷ ಕಿ.ಮೀ. ಆಗುತ್ತದೆ.

ಮತ್ತೆ ಮಾಡುವಾಗ ಕಾಗದವನ್ನು ಒಮ್ಮೆ ಅಡ್ಡ, ಒಮ್ಮೆ ಲಂಬವಾಗಿ ನಿಲ್ಲಿಸಿ ಅಳೆಯಿರಿ. ಪಕ್ಕಪಕ್ಕದ ಎರಡು ಕಲೆ ಬಿಟ್ಟು, ಒಂದೇ ಸಾಲಿನ ಮೊದಲ ಮತ್ತು ಕೊನೆಯ ಕಲೆಯ ದೂರವನ್ನು ನಡುವಿನ ಅಂತರಗಳ ಸಂಖ್ಯೆಯಿಂದ ಭಾಗಿಸಿ. ಕರ್ಣದ ಮೇಲೆ ಅಳೆಯಬೇಡಿ. ಒಣ ಥರ್ಮಲ್ ಕಾಗದ ಮೈಕ್ರೋವೇವ್ ಅನ್ನು ಅಷ್ಟಾಗಿ ಹೀರುವುದಿಲ್ಲ, ಒದ್ದೆ ಇರಲೇಬೇಕು. 15-20 ಸೆಕೆಂಡಿಗಿಂತ ಹೆಚ್ಚು ಬಿಟ್ಟರೆ ಕಲೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ತಟ್ಟೆ ಇಲ್ಲದ ಓವನ್‌ಗಳಲ್ಲಿ ಅಲೆಗಳನ್ನು ಕಲಕುವ ಲೋಹದ ರೆಕ್ಕೆ ಒಳಗೇ ತಿರುಗುತ್ತಿರುತ್ತದೆ, ಅವು ಈ ಕೆಲಸಕ್ಕೆ ಬಾರವು. ಹೊರಕವಚವನ್ನಂತೂ ಬಿಚ್ಚಲೇಬೇಡಿ. ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯಬಲ್ಲದು.

ಪ್ರಶ್ನೆ: ಕಾಲೇಜು ಪ್ರಯೋಗಾಲಯದಲ್ಲಿ ಲೇಸರ್, ಕನ್ನಡಿ, 100 ಮೆಗಾಹರ್ಟ್ಸ್ ಆಸಿಲೋಸ್ಕೋಪ್ (ವಿದ್ಯುತ್ ಸಂಕೇತದ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಇವೆ. ಬೆಳಕು ಹೋಗಿಬರುವ ಕಾಲವನ್ನೇ ನೇರವಾಗಿ ಅಳೆಯಬಹುದೇ?

ಉತ್ತರ: ಧಾರಾಳವಾಗಿ. ಬೆಳಕು ಒಂದು ನ್ಯಾನೋಸೆಕೆಂಡಿಗೆ ಸುಮಾರು 30 ಸೆ.ಮೀ. ಸಾಗುತ್ತದೆ. ಕನ್ನಡಿಯನ್ನು 1 ಮೀಟರ್ ಹಿಂದೆ ಸರಿಸಿದರೆ ದಾರಿ 2 ಮೀಟರ್ ಹೆಚ್ಚಿ 6.67 ನ್ಯಾನೋಸೆಕೆಂಡ್ ವಿಳಂಬ ಕಾಣಬೇಕು. ನಿಮ್ಮ ಸ್ಕೋಪ್‌ನ ಏರುಕಾಲ (ಥಟ್ಟನೆ ಏರಿದ ಸಂಕೇತ ಪರದೆಯಲ್ಲಿ ಏರಲು ಹಿಡಿಯುವ ಸಮಯ) ಸುಮಾರು 3.5 ನ್ಯಾನೋಸೆಕೆಂಡ್, ಆದ್ದರಿಂದ 2ರಿಂದ 12 ಮೀಟರ್‌ವರೆಗೆ ಜಾಗ ಇದ್ದರೆ ಸಾಕು. ಲೇಸರ್ ಡಯೋಡ್‌ಗೆ ಚಿಕ್ಕ ಪಲ್ಸ್ ಕೊಡಿ. ಹಿಡಿಯಲು ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ, ಸಣ್ಣ ವಿಸ್ತೀರ್ಣದ ಪಿನ್ ಫೋಟೋಡಯೋಡ್‌ಗೆ ಹಿಮ್ಮುಖ ವೋಲ್ಟೇಜ್ ಕೊಟ್ಟು, ಹೊರಬರುವ ಸಂಕೇತಕ್ಕೆ 50 ಓಮ್ ರೋಧ ಹಾಕಿ. ಸ್ಕೋಪ್‌ನ 1 ಮೆಗಾಓಮ್‌ನಲ್ಲೇ ಬಿಟ್ಟರೆ ಪಲ್ಸ್ ಹರಡಿ ಗುಡ್ಡದಂತಾಗುತ್ತದೆ. ಕಿರಣ ಯಾರ ಕಣ್ಣಿನ ಮಟ್ಟದಲ್ಲೂ ಹಾಯಬಾರದು.

ಒಂದೇ ದೂರದಲ್ಲಿ ಅಳೆದು ಭಾಗಿಸಬೇಡಿ. ಕೇಬಲ್, ಡಯೋಡ್, ಆಂಪ್ಲಿಫೈಯರ್ ಎಲ್ಲವೂ ತಂತಮ್ಮ ವಿಳಂಬ ಸೇರಿಸುತ್ತವೆ. ಪಾಲಿಥಿನ್ ತುಂಬಿದ ಸಾಮಾನ್ಯ ಕೋಆಕ್ಸಿಯಲ್ ಕೇಬಲ್ ಒಂದೇ ಮೀಟರಿಗೆ 5 ನ್ಯಾನೋಸೆಕೆಂಡ್ ತಿನ್ನುತ್ತದೆ. ಐದಾರು ದೂರಗಳಲ್ಲಿ ಅಳೆದು, ದಾರಿಯ ಉದ್ದಕ್ಕೆ ಎದುರಾಗಿ ಕಾಲದ ನಕ್ಷೆ ಬರೆದು, ಗೆರೆಯ ಇಳಿಜಾರಿನಿಂದ ವೇಗ ತೆಗೆಯಿರಿ. ಬದಲಾಗದ ವಿಳಂಬ ಎಷ್ಟೇ ಇರಲಿ, ಅದು ಗೆರೆಯನ್ನು ಮೇಲಕ್ಕೆತ್ತುತ್ತದೆಯೇ ಹೊರತು ಓರೆ ಮಾಡುವುದಿಲ್ಲ.

ಓರೆ ಮಾಡುವ ಕಳ್ಳ ಬೇರೆ ಇದ್ದಾನೆ. ಕನ್ನಡಿ ದೂರ ಹೋದಂತೆ ಪಲ್ಸ್ ಕುಗ್ಗುತ್ತದೆ. ಏರಲು 20 ನ್ಯಾನೋಸೆಕೆಂಡ್ ಹಿಡಿಯುವ 1 ವೋಲ್ಟ್ ಪಲ್ಸ್, ನೀವು ಕಾಲ ಗುರುತಿಸುವ 0.25 ವೋಲ್ಟ್ ಗೆರೆಯನ್ನು 5ನೇ ನ್ಯಾನೋಸೆಕೆಂಡಿನಲ್ಲಿ ದಾಟುತ್ತದೆ. ಅದೇ ಅರ್ಧಕ್ಕೆ ಕುಗ್ಗಿದರೆ 10ನೆಯದರಲ್ಲಿ. ಬೆಳಕಿಗೂ ಈ 5 ನ್ಯಾನೋಸೆಕೆಂಡಿಗೂ ಸಂಬಂಧವೇ ಇಲ್ಲ. ಆದರೂ 10 ಮೀಟರ್ ಸರಿಸಿದ್ದಕ್ಕೆ ಬರಬೇಕಾದ 66.7 ಬದಲು 71.7 ಬಂದು, ವೇಗ 2.79 ಲಕ್ಷ ಕಿ.ಮೀ.ಗೆ ಇಳಿಯುತ್ತದೆ. ಸಾವಿರ ಸಲ ಅಳೆದರೂ ಅದೇ 2.79. ಪ್ರತಿ ಪಲ್ಸ್‌ನಲ್ಲೂ ಅದರದೇ ಗರಿಷ್ಠದ ಅರ್ಧದಲ್ಲಿ ಕಾಲ ಗುರುತಿಸಿ, ಇಲ್ಲವೇ ಹತ್ತಿರದ ಅಳತೆಗಳಲ್ಲಿ ಬೆಳಕನ್ನು ಫಿಲ್ಟರ್‌ನಿಂದ ತಗ್ಗಿಸಿ ಎಲ್ಲ ಪಲ್ಸ್‌ಗಳನ್ನೂ ಒಂದೇ ಎತ್ತರಕ್ಕೆ ತನ್ನಿ.

ಪ್ರಶ್ನೆ: 1983ರಲ್ಲಿ ವೇಗವನ್ನು ಸೆಕೆಂಡಿಗೆ 299,792,458 ಮೀಟರ್ ಎಂದು ನಿಗದಿ ಮಾಡಿಬಿಟ್ಟರಲ್ಲ, ಇನ್ನು ಅಳೆಯುವುದೇನು?

ಉತ್ತರ: ಮೀಟರನ್ನು. 1972ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಈವನ್‌ಸನ್ ತಂಡ ಲೇಸರ್‌ನ ಆವೃತ್ತಿ, ತರಂಗಾಂತರ ಎರಡನ್ನೂ ಅಳೆದು ಅನಿಶ್ಚಿತತೆಯನ್ನು ಸೆಕೆಂಡಿಗೆ ಸುಮಾರು 1 ಮೀಟರಿಗೆ ಇಳಿಸಿತು. ಅಲ್ಲಿಂದ ಮುಂದೆ ಹೋಗಲು ಅಡ್ಡಿಯಾದದ್ದು ಅಳತೆಗೋಲು: ಆಗಿನ ಮೀಟರ್ ಕ್ರಿಪ್ಟಾನ್-86 ದೀಪದ ಒಂದು ಗೆರೆಯನ್ನು ಆಧರಿಸಿತ್ತು, ಆ ಗೆರೆಯೇ ಅಷ್ಟು ನಿಖರವಾಗಿರಲಿಲ್ಲ. ಹಾಗಾಗಿ ವೇಗವನ್ನು ಹಿಡಿದು ನಿಲ್ಲಿಸಿ ಮೀಟರನ್ನು ಅದರಿಂದ ಪಡೆಯುವ ವ್ಯವಸ್ಥೆ ಬಂತು. ಇಂದು ನಿಮ್ಮ ನಕ್ಷೆಯಲ್ಲಿ ವೇಗ ತಪ್ಪಾಗಿ ಬಂದರೆ ಅದು ಹೇಳುವುದು ನಿಮ್ಮ ಟೇಪಿನ ಅಥವಾ ಗಡಿಯಾರದ ದೋಷವನ್ನು.

ಪ್ರಶ್ನೆ: ಹಳೆಯ ಅಂಕಿಗಳು 1926ರಲ್ಲಿ 299,796, 1935ರಲ್ಲಿ 299,774, 1950ರಲ್ಲಿ 299,792.5 ಕಿ.ಮೀ. ಬೆಳಕಿನ ವೇಗವೇ ಬದಲಾಗುತ್ತಿದೆಯೇ, ಇಲ್ಲ ವಿಜ್ಞಾನಿಗಳು ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದರೇ?

ಉತ್ತರ: ವೇಗ ಬದಲಾಗಿದ್ದರೆ ಇಳಿದು ಮತ್ತೆ ಏರಿದ್ದೇಕೆ ಎಂದು ಹೇಳಬೇಕಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ಮೈಕೆಲ್ಸನ್ 1926ರಲ್ಲಿ ಮೌಂಟ್ ವಿಲ್ಸನ್ನಿಂದ 35 ಕಿ.ಮೀ. ದೂರದ ಬೆಟ್ಟಕ್ಕೆ ತಿರುಗುವ ಕನ್ನಡಿಯಿಂದ ಬೆಳಕು ಹಾಯಿಸಿ ಪಡೆದದ್ದು ±4ರ ಅಂಚಿನಲ್ಲಿ; ಇಂದಿನ ಬೆಲೆ ಅದರೊಳಗೇ ಇದೆ. ಅವರ ಸಾವಿನ ನಂತರ ಪೀಸ್ ಮತ್ತು ಪಿಯರ್ಸನ್ ಮುಗಿಸಿದ, ಸುಮಾರು 1.6 ಕಿ.ಮೀ. ಉದ್ದದ ನಿರ್ವಾತ ಕೊಳವೆಯ ಪ್ರಯೋಗ ಕೊಟ್ಟದ್ದು 299,774 ± 11. ಆ ಹೊತ್ತಿನ ಬೇರೆ ಅಳತೆಗಳೂ ಅದರ ಆಸುಪಾಸಿನಲ್ಲೇ ಬಂದವು. 1941ರಲ್ಲಿ ಭೌತವಿಜ್ಞಾನಿ ಬರ್ಜ್ ಎಲ್ಲವನ್ನೂ ತೂಗಿ 299,776 ± 4 ಎಂದರು. ನಿಜ ಬೆಲೆ ಇದಕ್ಕಿಂತ 16 ಕಿ.ಮೀ. ಆಚೆ, ಹೇಳಿಕೊಂಡ ಅನಿಶ್ಚಿತತೆಯ ನಾಲ್ಕು ಪಟ್ಟು!

ಇದರಲ್ಲಿ ಮೋಸ ಇರಬೇಕಿಲ್ಲ. ಉತ್ತರ ನಿರೀಕ್ಷಿಸಿದ್ದಕ್ಕಿಂತ ದೂರ ಬಂದಾಗ ಉಪಕರಣದಲ್ಲಿ ದೋಷ ಹುಡುಕುವುದು, ಹತ್ತಿರ ಬಂದಾಗ ಹುಡುಕಾಟ ನಿಲ್ಲಿಸುವುದು ಮನುಷ್ಯ ಸ್ವಭಾವ. ಈ ಗುಂಪಿನಿಂದ ಅಂಕಿಯನ್ನು ಹೊರಗೆಳೆದದ್ದು ಬೇರೆಯೇ ದಾರಿಗಳು: ಎಸ್ಸೆನ್ ಮತ್ತು ಗಾರ್ಡನ್-ಸ್ಮಿತ್ ಲೋಹದ ಅನುರಣನ ಕೋಶದಲ್ಲಿ (ಅಲೆ ಒಳಗೇ ಪುಟಿದು ಬಲಗೊಳ್ಳುವ ಪೆಟ್ಟಿಗೆ) ಮೈಕ್ರೋವೇವ್ ಬಳಸಿದರು, ಆಸ್ಲಕ್ಸನ್ ಭೂಮಾಪನದ ರಾಡಾರ್ ದೂರಗಳಿಂದ ಹಿಮ್ಮುಖವಾಗಿ ಲೆಕ್ಕ ಹಾಕಿದರು. ಕನ್ನಡಿ ತಿರುಗಿಸುವವರ ದೋಷಗಳು ಇವರಿಗೆ ಅಂಟುವ ಹಾಗಿರಲಿಲ್ಲ, ಇವರಿಬ್ಬರ ದೋಷಗಳೂ ಬೇರೆ ಬೇರೆ. ಹಾಗಿದ್ದೂ ಉತ್ತರ ಒಂದಾಯಿತು. ಇಂಥ ಹೊಂದಾಣಿಕೆಗೆ ಕೊಡುವ ಬೆಲೆಯನ್ನು ಒಂದೇ ಬಗೆಯ ಹತ್ತು ಪ್ರಯೋಗಗಳ ಹೊಂದಾಣಿಕೆಗೆ ಕೊಡಲಾಗದು.

ಪ್ರಶ್ನೆ: 2011ರಲ್ಲಿ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣ ಬೆಳಕಿಗಿಂತ ವೇಗ ಎಂದರು, ಮರುವರ್ಷ ಅಲ್ಲ ಎಂದರು. ಇಂಥವರ ದತ್ತಾಂಶ ನಂಬುವುದು ಹೇಗೆ?

ಉತ್ತರ: ದತ್ತಾಂಶದ ಜೊತೆ ಅವರು ಏನೇನು ಕೊಟ್ಟರು ಎಂಬುದನ್ನು ನೋಡಿ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯಕ್ಕೆ 730 ಕಿ.ಮೀ. ಅಲ್ಲಿ ಈ ಕಣಗಳನ್ನು ಹಿಡಿದ ಓಪೆರಾ ತಂಡಕ್ಕೆ ಕಣಗಳು 60.7 ನ್ಯಾನೋಸೆಕೆಂಡ್ ಮೊದಲೇ ಬಂದಂತೆ ಕಂಡವು. ಅಂಕಿಅಂಶದ ದೋಷ 6.9, ಉಪಕರಣದ ದೋಷ 7.4 ಎಂದು ಬಿಡಿಬಿಡಿಯಾಗಿ ಬರೆದು, ತಪ್ಪು ಹುಡುಕಿಕೊಡಿ ಎಂದು ಬೇರೆಯವರನ್ನು ಕೇಳಿಕೊಂಡರು. ಚಿಕ್ಕ ಪಲ್ಸ್‌ಗಳಿಂದ ಪ್ರಯೋಗ ಮತ್ತೆ ನಡೆದಾಗಲೂ 62 ನ್ಯಾನೋಸೆಕೆಂಡೇ ಬಂತು. ಗಡಿಯಾರದ ಸರಪಣಿ ಅದೇ ಆಗಿದ್ದ ಮೇಲೆ ಬೇರೆ ಉತ್ತರ ಬರುವುದಾದರೂ ಎಲ್ಲಿಂದ? ಜಿಪಿಎಸ್ ಸಂಕೇತ ತರುವ ಆಪ್ಟಿಕಲ್ ಫೈಬರ್‌ನ ಕನೆಕ್ಟರ್ ಪೂರ್ತಿ ಬಿಗಿಯಾಗಿರಲಿಲ್ಲ, ಅದರಿಂದ ಗಡಿಯಾರದ ಸಂಕೇತಕ್ಕೆ ಸುಮಾರು 73 ನ್ಯಾನೋಸೆಕೆಂಡ್ ವಿಳಂಬವಾಗಿ ಕಣಗಳು ಬೇಗ ಬಂದಂತೆ ಕಂಡವು. ವಿರುದ್ಧ ದಿಕ್ಕಿನಲ್ಲಿ ಆಸಿಲೇಟರ್‌ನ ಸಣ್ಣ ದೋಷವೂ ಇತ್ತು. ಅಲ್ಲೇ ಇದ್ದ ಇಕಾರಸ್ ಎಂಬ ಬೇರೆ ಪತ್ತೆಯಂತ್ರ 2012ರ ಮಾರ್ಚ್‌ನಲ್ಲಿ ಬೆಳಕಿನ ವೇಗವನ್ನೇ ತೋರಿಸಿತು.

ಅಷ್ಟು ಕಾಯದೆ, ಕಾಗದ ಪೆನ್ಸಿಲ್‌ನಲ್ಲೇ ಅನುಮಾನ ಪಡಬಹುದಿತ್ತು. 730 ಕಿ.ಮೀ.ಗೆ 60 ನ್ಯಾನೋಸೆಕೆಂಡ್ ಎಂದರೆ ಲಕ್ಷಕ್ಕೆ ಎರಡೂವರೆ ಪಾಲಿನ ಮುನ್ನಡೆ. 1987ರಲ್ಲಿ ಕಂಡ ಸೂಪರ್‌ನೋವಾ ಸುಮಾರು 1,68,000 ಜ್ಯೋತಿರ್ವರ್ಷ ದೂರದ್ದು. ಈ ಲೆಕ್ಕದಲ್ಲಿ ಅದರ ನ್ಯೂಟ್ರಿನೋಗಳು ಬೆಳಕಿಗಿಂತ ನಾಲ್ಕು ವರ್ಷ ಮೊದಲೇ ಬರಬೇಕಿತ್ತು. ಬಂದದ್ದು ಕೆಲವೇ ಗಂಟೆ ಮೊದಲು, ಅದೂ ಸಿಡಿಯುವ ನಕ್ಷತ್ರದ ಹೊರಪದರ ದಾಟಿ ಬೆಳಕು ಹೊರಬೀಳುವುದು ತಡವಾಗುತ್ತದೆ ಎಂಬ ಕಾರಣಕ್ಕೆ. ಆ ನ್ಯೂಟ್ರಿನೋಗಳ ಶಕ್ತಿ ಸರ್ನ್‌ನವಕ್ಕಿಂತ ತೀರಾ ಕಡಿಮೆ, ವೇಗ ಶಕ್ತಿಯ ಮೇಲೆ ಅವಲಂಬಿಸಿರಬಹುದು ಎಂಬ ವಾದಕ್ಕೆ ಆಗ ಜಾಗವಿತ್ತು. ಕನೆಕ್ಟರ್ ಬಿಗಿ ಮಾಡಿದ ಮೇಲೆ ಆ ವಾದದ ಅಗತ್ಯವೇ ಉಳಿಯಲಿಲ್ಲ.